ಗಿಟಾರಿನ ಹೊಟ್ಟೆಯೊಳಗೆ ನನ್ನ ಗುರುತು

ಮೊದಲೇ ಹೇಳಿಬಿಡುತ್ತೇನೆ, ಗಿಟಾರು ನನಗೆ ಇವತ್ತಿಗೂ ತಿಳಿದಿಲ್ಲ. ಬೆಟಗೇರಿಯಲ್ಲಿ ನಲವತ್ತೈದು ವರ್ಷ ಪೇಟಿ ರಿಪೇರಿ ಮಾಡಿದವನು ನಾನು. ಪೇಟಿ ಅಂದರೆ ನೀವು ಹಾರ್ಮೋನಿಯಂ ಅನ್ನುತ್ತೀರಲ್ಲ, ಅದು. ಭಜನೆಯ ಪೇಟಿ, ನಾಟಕದ ಪೇಟಿ, ಶಾಲೆಯ ಪೇಟಿ, ಸೋರುವ ಮಾಡಿನ ಕೆಳಗೆ ನೆನೆದ ಪೇಟಿ, ಇಲಿ ಸಂಸಾರ ಹೂಡಿದ ಪೇಟಿ, ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದೇನೆ. ಕೈ ನಡುಗಲು ಹತ್ತಿದ ಮೇಲೆ ಅಂಗಡಿ ಮುಚ್ಚಿದೆ. ಈಗ ಅದೇ ಓಣಿಯಲ್ಲಿ ಕೀಬೋರ್ಡು, ಸ್ಪೀಕರು ರಿಪೇರಿಗೆ ಕುಳಿತಿರುವ ಇಬ್ಬರು ತರುಣರು ಮನೆಗೆ ಬಂದು, "ಸಾಬರ, ನಿಮ್ಮ ಕಾಲದ್ದು ಒಂದಿಷ್ಟು ಬರದು ಕೊಡ್ರಿ, ನಮಗ ಉಪಯೋಗ ಆಕ್ಕೈತಿ" ಎಂದರು.

ನಾನು ಓದಿದ್ದು ಮೂರನೇ ಇಯತ್ತೆ. ಅಕ್ಷರ ದಪ್ಪ, ಸಾಲು ಬರೆಯುತ್ತ ಬರೆಯುತ್ತ ಮೇಲಕ್ಕೆ ಏರಿಬಿಡುತ್ತದೆ. ಅದರ ಮೇಲೆ, ಬರೆಯಲು ಕುಳಿತರೆ ಪೇಟಿ ನೆನಪಾಗುವುದಿಲ್ಲ, ಮೊಮ್ಮಗಳ ಗಿಟಾರೇ ನೆನಪಾಗುತ್ತದೆ. ಸಂತೋಷ ಎದೆಯಿಂದ ಗಂಟಲಿಗೆ ಬಂದು ಕುಳಿತಿದೆ, ಏನು ಮಾಡಲಿ? ಇರಲಿ. ಆ ಗಿಟಾರು ಕೊಳ್ಳುವಾಗ ನಾನು ಮಾಡಿದ ತಪ್ಪಿನೊಳಗೆ ನನ್ನ ನಲವತ್ತೈದು ವರ್ಷವೂ ಇದೆ. ಅದನ್ನೇ ಬರೆಯುತ್ತೇನೆ.

ಕಸುಬು ಕಲಿಸಿದ ಉಸ್ತಾದರಿಂದ ಶುರು ಮಾಡಬೇಕು. ಅವರು ನನಗೆ ಮೊದಲ ಆರು ತಿಂಗಳು ಒಂದು ಮೊಳೆಯನ್ನೂ ಮುಟ್ಟಗೊಡಲಿಲ್ಲ. ಬೆರಳಿನ ಗೆಣ್ಣಿನಿಂದ ಕಟ್ಟಿಗೆ ಬಡಿದು ಕೇಳುವುದೇ ಕೆಲಸ. ಹುಳ ಹಿಡಿದದ್ದು ಒಂದು ದನಿ, ಸೀಳಿದ್ದು ಒಂದು ದನಿ, ಹಸಿ ಇದ್ದದ್ದು ಇನ್ನೊಂದು. "ಮನಷಾ ಸುಳ್ಳ ಹೇಳತಾನ, ಕಟ್ಟಿಗಿ ಹೇಳೂದಿಲ್ಲಲೇ" ಎನ್ನುತ್ತಿದ್ದರು. ನಾನು ಮನೆಯ ಬಾಗಿಲು, ಮಂಚ, ಬಸ್ಸಿನ ಸೀಟಿನ ಹಲಗೆ, ಎಲ್ಲವನ್ನೂ ಬಡಿಯುತ್ತ ತಿರುಗಿದೆ.

ಎರಡನೆಯದು ಗುರುತು. ರಿಪೇರಿ ಮುಗಿದ ಪೇಟಿಯೊಳಗೆ, ಹೊರಗಿನವರಿಗೆ ಕಾಣದ ಕಡೆ, ದಬ್ಬಣದಿಂದ ನಮ್ಮ ಗುರುತು ಕೊರೆಯುವುದು ಪದ್ಧತಿ. ಉಸ್ತಾದರದು ಬಾಗಿದ ಒಂದು ಗೆರೆ. ನನ್ನದು ನೆಟ್ಟಗಿನ ಗೆರೆ, ಅದರ ಮೇಲೆ ಮೂರು ಚುಕ್ಕೆ. ಆದರೆ ಕೆಲಸ ಮುಗಿದ ಕೂಡಲೇ ಕೊರೆಯುವಂತಿಲ್ಲ. ಬಾರಿಸುವವನು ಬರಬೇಕು, ಕೂಡಬೇಕು, ಬಾರಿಸಿ ನೋಡಿ "ಹೂಂ" ಅನ್ನಬೇಕು. ಆಮೇಲೆ ಮತ್ತೆ ಮೇಲಿನ ಹಲಗೆ ಬಿಚ್ಚಿ ಗುರುತು ಹಾಕಬೇಕು. ಇದು ಇಮ್ಮಡಿ ಕೆಲಸ ಎಂದು ನಾನು ಒಮ್ಮೆ ಗೊಣಗಿದೆ.

"ಗುರುತ ಅಂದ್ರ ಹೆಸರಲ್ಲಲೇ ಹುಚ್ಚಪ್ಪ, ಹೊಣಿ," ಎಂದರು ಉಸ್ತಾದರು. "ಗುರುತ ಹಾಕಿದ ಮ್ಯಾಲ ಆ ಪೇಟಿಗೆ ಕೆಮ್ಮ ಬಂದ್ರ ನೀ ಔಷಧ ಕುಡೀಬೇಕು."

ಇಷ್ಟು ಹೇಳಿಸಿಕೊಂಡರೂ ಹಮ್ಮಿಗಿಯ ಪೇಟಿಯಲ್ಲಿ ಎಡವಿದೆ. ಹೊಳೆ ದಂಡೆಯ ಆ ಊರಿನಿಂದ ಭಜನಾ ಮೇಳದ ಹಳೆಯ ಪೇಟಿ ಬಂದಿತ್ತು. ಉಸ್ತಾದರು ಊರಲ್ಲಿರಲಿಲ್ಲ. ಬಿಚ್ಚಿ ನೋಡಿದರೆ ಸ್ವರಗಳೆಲ್ಲ ಇಳಿದು ಕುಳಿತಿವೆ. ಒಂದೊಂದು ರೀಡಿನ, ಅಂದರೆ ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆಯ, ತುದಿಯನ್ನೂ ಹಗುರಾಗಿ ಉಜ್ಜಿ ಏರಿಸಿದೆ. ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ, ಇದು ನಮ್ಮ ಕಸುಬಿನ ಮಗ್ಗಿ. ನಾಲ್ಕು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ದುಡಿದು, ಹಾಡುವವರು ಬಂದು ನೋಡುವತನಕ ಕಾಯದೆ, ಗುರುತು ಹಾಕಿ ಮುಂಡರಗಿ ಬಸ್ಸಿಗೆ ಏರಿಸಿ ಕಳಿಸಿದೆ. ಮೂರನೇ ದಿನ ಮೇಳದ ಹಿರಿಯ ಬಸಣ್ಣಜ್ಜ ಅಂಗಡಿಯ ಮುಂದೆ ನಿಂತಿದ್ದ. ಗಂಟಲು ಕಟ್ಟಿ ದನಿ ಒಡೆದಿತ್ತು.

"ಸಾಬಾ, ನೀ ರಿಪೇರಿ ಮಾಡಿದ್ದು ಪೇಟಿನೋ, ನನ್ನ ಗಂಟಲೋ?"

ಮೂವತ್ತು ವರ್ಷದಿಂದ ಆ ಮೇಳ ಇಳಿದ ಸ್ವರಕ್ಕೇ ಹಾಡುತ್ತಿತ್ತು. ನಾನು ಪೇಟಿಯನ್ನು ಸರಿ ಮಾಡಿದ್ದೆ, ಅದರ ಪಕ್ಕ ಕೂಡುವ ಮುದುಕನನ್ನು ಮರೆತಿದ್ದೆ. ಉಸ್ತಾದರು ಬಂದವರೇ ನನ್ನನ್ನು ಹಮ್ಮಿಗಿಗೆ ಕರೆದುಕೊಂಡು ಹೋಗಿ ಬಸಣ್ಣಜ್ಜನ ಎದುರಿಗೆ ಎರಡು ದಿನ ಕೂಡಿಸಿ, ಪ್ರತಿ ಸ್ವರವನ್ನೂ ಅವನ ಗಂಟಲಿಗೆ ತಕ್ಕಂತೆ ಇಳಿಸಲು ಹಚ್ಚಿದರು. ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಹೇಳಿದರು: "ವಾದ್ಯ ಬಡದು ನೋಡೂಕಿಂತ ಮೊದಲ ಅದರ ಜೋಡಿ ಯಾರ ಕುಂಡ್ರತಾರ, ಎಲ್ಲಿ ಕುಂಡ್ರತಾರ, ಅದನ್ನ ಕೇಳಲೇ." ಇದನ್ನು ನಾನು ಮುಂದೆ ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವುದು ಸಸಾರ.

ಕೆಲಸದ ರೀತಿ ಬದಲಾದದ್ದನ್ನೂ ಹೇಳಬೇಕು. ನಮ್ಮದೆಲ್ಲ ಕಿವಿ. ರೇಷ್ಮಾ ಚಿಕ್ಕವಳಿದ್ದಾಗ, ಇವಳು ನನ್ನ ಮಗಳ ಮಗಳು, ನನ್ನನ್ನು ನಾನಾ ಎನ್ನುತ್ತಾಳೆ, ಒಂದು ದಿನ ಅಂಗಡಿಗೆ ಬಂದು ಅವ್ವನ ಫೋನು ಪೇಟಿಯ ಮೇಲಿಟ್ಟಳು. ಫೋನಿನಲ್ಲಿ ಒಂದು ಮುಳ್ಳು. ಸ್ವರ ಸರಿಯಿದ್ದರೆ ನಡುವೆ ನಿಲ್ಲುತ್ತದಂತೆ. ನಾನು ಗಾಂಧಾರ ಒತ್ತಿದೆ, ಮುಳ್ಳು ಎಡಕ್ಕೆ ಹೋಯಿತು. "ನಾನಾ, ನಿಮ್ಮದು ಇಳದೈತ್ರಿ!" ಅಲ್ಲೇ ಕುಳಿತಿದ್ದ ಗಿರಾಕಿ ಹಳೆಯ ಹಾಡುಗಾರ. ಅವನು ನಕ್ಕು, "ಸಾಬರದು ಬರೋಬರಿ ಐತಿ. ಫೋನ್ ಏರಿಸಿ ಹಾಡಾಕತ್ತೈತಿ" ಎಂದ. ಆಮೇಲೆ ವಿಚಾರಿಸಿದರೆ ಇಬ್ಬರೂ ಖರೆ ಅಂತೆ. ಫೋನಿನ ಲೆಕ್ಕ ಬೇರೆ ಸಂಗೀತದ್ದು, ನಮ್ಮ ಕಿವಿಯ ಲೆಕ್ಕ ಬೇರೆ ಸಂಗೀತದ್ದು. ಇಬ್ಬರೂ ಖರೆ ಹೇಗಾಗುತ್ತಾರೆ? ನನಗೆ ಅಂದು ಹಿಡಿದ ಗೊಂದಲ ಇನ್ನೂ ಬಿಟ್ಟಿಲ್ಲ.

ಅದೇ ರೇಷ್ಮಾ ಈಗ ಗದಗಿನಲ್ಲಿ ಬಿ.ಎ. ಎರಡನೇ ವರ್ಷ. ನಾಲ್ಕು ಹುಡುಗಿಯರು ಸೇರಿ ಒಂದು ಬ್ಯಾಂಡು ಕಟ್ಟಿದ್ದಾರೆ. ಇವಳದು ಗಿಟಾರು, ಅದೂ ಕರೆಂಟಿನ ಗಿಟಾರು! ಪಕ್ಕದ ಮನೆಯವರೊಬ್ಬರು ಹುಡುಗಿಗೆ ಇದೆಲ್ಲ ಯಾಕೆ ಎಂದಾಗ ನನ್ನ ಹೆಂಡತಿ ಹುಸೇನಬಿ ಕಟ್ಟೆಯ ಮೇಲಿನಿಂದಲೇ, "ಊರ ಪೇಟಿಗೆಲ್ಲ ಉಸಿರ ತುಂಬಿದ ಮನಿ ಇದು. ನಮ್ಮ ಮನಿ ಹುಡುಗಿ ಬಾರಿಸಲಿಲ್ಲಂದ್ರ ಇನ್ನ ಯಾರ ಬಾರಿಸಬೇಕ್ರಿ?" ಎಂದು ಬಾಯಿ ಮುಚ್ಚಿಸಿದಳು.

ಅಷ್ಟು ದಿನ ಗೆಳತಿಯೊಬ್ಬಳ ಗಿಟಾರಿನ ಮೇಲೆ ನಡೆಯುತ್ತಿತ್ತು. ಆ ಗೆಳತಿ ಊರು ಬಿಟ್ಟು ಹೊರಟಳು, ಗಿಟಾರೂ ಹೊರಟಿತು. ಮೂರು ವಾರಕ್ಕೆ ಮುಂಡರಗಿಯಲ್ಲಿ ಬ್ಯಾಂಡಿನ ಮೊದಲ ಕಾರ್ಯಕ್ರಮ. ಒಂದು ಭಾವಗೀತೆ, ಒಂದು ಕವ್ವಾಲಿ ಧಾಟಿಯದು, ಒಂದು ಕಿವಿ ಕಿತ್ತುಹೋಗುವಂಥದ್ದು. ಸ್ವಂತದ ಗಿಟಾರು ಇಲ್ಲದಿದ್ದರೆ ಇವಳ ಜಾಗಕ್ಕೆ ಬೇರೆ ಯಾರನ್ನಾದರೂ ಕರೆಯುವವರಿದ್ದರು. ಅಂಗಡಿ ಮುಚ್ಚಿದಾಗ ಉಳಿದ ಸಾಗವಾನಿ ಹಲಗೆ, ರೀಡು ಮಾರಿದ ರೊಕ್ಕವನ್ನು ನಾನು ತೆಗೆದಿಟ್ಟಿದ್ದೆ. ಒಂದು ಗಿಟಾರಿಗೆ ಸಾಕು, ಎರಡನೆಯದಕ್ಕೆ ದಾರಿಯಿಲ್ಲ. "ನೀ ಚಿಂತಿ ಬಿಡವ್ವ, ನಾನ ಆರಿಸಿ ಕೊಡತೀನಿ" ಎಂದೆ. ನಲವತ್ತೈದು ವರ್ಷದ ಕಿವಿ!

ಗದಗಿನ ಅಂಗಡಿಯವನ ಹೆಸರು ವೀರೇಶ, ಸಭ್ಯ ಮನುಷ್ಯ. ನಮ್ಮ ಕೈಗೆ ಎಟಕುವಂಥ ಎರಡು ಗಿಟಾರು ಮುಂದಿಟ್ಟ. ಎರಡರದೂ ಬೆಲೆ ಹೆಚ್ಚುಕಡಿಮೆ ಒಂದೇ. ಮೊದಲನೆಯದನ್ನು ರೇಷ್ಮಾ ಎತ್ತಿಕೊಂಡಳು. ನಾನು ಅದನ್ನು ಇಸಿದುಕೊಂಡು ಬೆನ್ನಿಗೆ ಗೆಣ್ಣು ಬಡಿದೆ. ಟಕ್. ಇನ್ನೊಮ್ಮೆ ಬಡಿದೆ. ಟಕ್. ಗೋಡೆಗೆ ಬಡಿದಂತೆ.

"ಪೊಳ್ಳ ಎಲ್ಲೈತಿ ಇದಕ್ಕ?"

"ಪೊಳ್ಳ ಇರಂಗಿಲ್ರಿ ಸಾಬರ. ಗಟ್ಟಿ ಕಟ್ಟಿಗಿ."

"ಹಂಗಾದ್ರ ಇದನ್ನ ಬಾರಸೂದೂ ಒಂದ, ಬಾಗಲಾ ಬಾರಸೂದೂ ಒಂದ!"

ತಂತಿ ಮೀಟಿದೆ. ಸೊಳ್ಳೆಯಷ್ಟು ದನಿ. ವೀರೇಶ ನಗುತ್ತ ತಿಳಿಸಿ ಹೇಳಿದ. ತಂತಿಯ ಕೆಳಗೆ ಪಿಕಪ್ ಅಂತ ಇರುತ್ತವೆ, ಅಯಸ್ಕಾಂತಕ್ಕೆ ಸಣ್ಣ ತಂತಿ ಸುತ್ತಿದ್ದು. ತಂತಿ ನಡುಗಿದ್ದನ್ನು ಅವು ಹಿಡಿದು ಸ್ಪೀಕರಿಗೆ ಕಳಿಸುತ್ತವೆ. ಇದರಲ್ಲಿ ಮೂರು ಇವೆ. ಎರಡು ಸಣ್ಣವು, ತೆಳ್ಳನೆಯ ತಿಳಿಯಾದ ದನಿ. ಒಂದು ಅಗಲದ್ದು, ದಪ್ಪ ದನಿ. ಪಕ್ಕದ ಸ್ವಿಚ್ಚು ಐದು ಕಡೆ ನಿಲ್ಲುತ್ತದೆ, ಎಲ್ಲಿ ನಿಲ್ಲಿಸಿದರೆ ಆ ದನಿ.

"ನಾನಾ, ಇದೊಂದರಾಗ ಮೂರೂ ಹಾಡ ನಡೀತಾವ್ರಿ," ಎಂದಳು ರೇಷ್ಮಾ, ಸಣ್ಣಗೆ.

ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಗಿರಗಿರ ತಿರುಗುತ್ತಿತ್ತು. ಹೊಟ್ಟೆಯಿಲ್ಲದೆ ದನಿ ಎಲ್ಲಿಂದ ಬರುತ್ತದೆ? ತಂಬೂರಿಗೆ ಬುರುಡೆ ಇದೆ, ಪೇಟಿಗೆ ಪೆಟ್ಟಿಗೆ ಇದೆ, ಮನುಷ್ಯನಿಗೆ ಎದೆಗೂಡಿದೆ. ಇದಕ್ಕೆ?

ಅಷ್ಟರಲ್ಲಿ ಎರಡನೆಯದು ಕಂಡಿತು. ಜೇನಿನ ಬಣ್ಣ, ಉಬ್ಬಿದ ಮೈ, ಎದೆಯ ಮೇಲೆ ಪಿಟೀಲಿಗೆ ಇರುವಂಥ ಎರಡು ಕಿಂಡಿ. ಬಡಿದೆ. ಢಂ! ಆಹಾ, ಎಳೆ ಕುಂಬಳಕಾಯಿಯ ಹಾಗೆ. ಕರೆಂಟಿಲ್ಲದೆಯೇ ಮೀಟಿದೆ, ಅಂಗಡಿಯ ಆ ಮೂಲೆಗೆ ಕೇಳಿಸಿತು.

"ಇದರೊಳಗ ಜೀವ ಐತಿ," ಎಂದೆ.

"ಚೊಲೋ ಐತ್ರಿ, ಆದ್ರ ದೊಡ್ಡ ಸ್ಪೀಕರ್ ಮುಂದ ಇದು ಸ್ವಲ್ಪ..." ಎಂದು ವೀರೇಶ ಏನೋ ಹೇಳಹೊರಟ.

"ಕಟ್ಟಿಗಿ ಮಾತು ನನಗ ಹೇಳಬ್ಯಾಡ ತಮ್ಮಾ. ನನ್ನ ಕೂದಲ ಬೆಳ್ಳಗಾಗಿದ್ದ ಅದರಾಗ."

ರೇಷ್ಮಾ ಮೊದಲಿನದನ್ನು ಒಮ್ಮೆ ನೋಡಿದಳು. "ನಿಮಗ ಇದು ಚೊಲೋ ಅನಸ್ತೇನ್ರಿ ನಾನಾ?"

"ಹೂಂ."

"ಹಂಗಾದ್ರ ಇದ ಆಗಲ್ರಿ."

ನೋಡಿ, ಆ ದಿನ "ಹೂಂ" ಅಂದವನು ನಾನು. ಬಾರಿಸುವವಳು ಅಲ್ಲ. ಹದಿನೈದು ದಿನದೊಳಗೆ ಗೀರು ಬೀಳದಂತೆ ತಂದರೆ ಬದಲಿ ಕೊಡುತ್ತೇನೆ ಎಂದು ವೀರೇಶ ಹೇಳಿ ಕಳಿಸಿದ.

ಮನೆಗೆ ಬಂದು ಓಣಿಗೆಲ್ಲ ಪೇಢೆ ಹಂಚಿದೆ. ನನ್ನ ಹಳೆಯ ದಬ್ಬಣ ಹುಡುಕಿದೆ. ಕಿಂಡಿಯೊಳಗೆ ಅದನ್ನು ಇಳಿಬಿಟ್ಟು, ಹೊಟ್ಟೆಯ ತಳದಲ್ಲಿ ಗೆರೆ ಎಳೆದು ಮೂರು ಚುಕ್ಕೆ ಇಟ್ಟೆ. ಆಶ್ಚರ್ಯ, ಆ ಹೊತ್ತು ಕೈ ನಡುಗಲಿಲ್ಲ.

ಹುಸೇನಬಿ ನೋಡಿದಳು. "ಅಲ್ರೀ, ಆಕಿ ಇನ್ನ ಬಾರಿಸೇ ಇಲ್ಲ. ಆಗಲೇ ಗುರುತ ಹಾಕಾಕತ್ತೀರಿ?"

"ನನ್ನ ಮೊಮ್ಮಗಳದು. ಇದಕ್ಕ ಯಾರ ಹೂಂ ಅನ್ನಬೇಕು?"

ನಲವತ್ತು ವರ್ಷ ನನ್ನ ಪೇಟಿಗಳ ತಿದಿಗೆ, ಅಂದರೆ ಗಾಳಿ ಊದುವ ಮಡಿಕೆಗಳಿಗೆ, ಮನೆಯಲ್ಲಿ ಕುಳಿತು ಚರ್ಮ, ಬಟ್ಟೆ ಅಂಟಿಸಿದವಳು ಅವಳು. ಪದ್ಧತಿ ಅವಳಿಗೂ ಗೊತ್ತಿತ್ತು.

ವಾರ ಕಳೆದು ತಾಲೀಮು. ನಾಗಾವಿಯಲ್ಲಿ ಡ್ರಮ್ಮು ಬಾರಿಸುವ ಹುಡುಗಿಯ ಮನೆಯ ಹಿಂದೆ ಒಂದು ಖಾಲಿ ಕೋಣೆ. ಗಿಟಾರು ಹೊತ್ತುಕೊಂಡು ನಾನೂ ಹೋದೆ, ಬೇಡವೆಂದರೂ ಹೋದೆ. ಭಾವಗೀತೆ ಸುಖವಾಗಿ ನಡೆಯಿತು. ಕವ್ವಾಲಿಯಲ್ಲಿ ಒಂದೆರಡು ಸಲ ಗಿಟಾರು ಗೊರಗೊರ ಅಂದಿತು. ಮೂರನೆಯದಕ್ಕೆ ಸ್ಪೀಕರ್ ಏರಿಸಿದರು ನೋಡಿ, ರೇಷ್ಮಾ ತಂತಿ ಮುಟ್ಟುವ ಮೊದಲೇ ಕೂಂ... ಎಂದು ಶುರುವಾಯಿತು. ನಿಲ್ಲುವುದೇ ಇಲ್ಲ. ಏರಿ ಏರಿ ಕಿಟಕಿಯ ಗಾಜು ನಡುಗಿತು. ಹೊರಗೆ ಕಟ್ಟಿದ ಎಮ್ಮೆ ಹಗ್ಗ ಜಗ್ಗಿತು.

ಡ್ರಮ್ಮಿನ ಹುಡುಗಿ ಕಿವಿ ಮುಚ್ಚಿಕೊಂಡು, "ರೇಷ್ಮಾ, ಇದು ಗಿಟಾರೋ, ಮಿಲ್ಲಿನ ಭೋಂಗಾನೋ?" ಎಂದಳು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವಳೇ ಮೆಲ್ಲಗೆ, "ಸಿಟ್ಟಿಗೇಳಬ್ಯಾಡ. ಬರೋ ಶನಿವಾರದೊಳಗ ಇದು ಸರಿ ಆಗಲಿಲ್ಲಂದ್ರ ನಾವು ಬೇರೆಯವರ್ನ ನೋಡಬೇಕಾಕ್ಕೈತಿ" ಎಂದಳು. ರೇಷ್ಮಾ ತಲೆಯಾಡಿಸಿ ಗಿಟಾರನ್ನು ಚೀಲಕ್ಕೆ ಹಾಕಿದಳು.

ಬಸ್ಸಿನಲ್ಲಿ ಕೇಳಿದೆ. "ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತೇನವ್ವ?"

"ಸ್ವಲ್ಪ ಗೊತ್ತಿತ್ರಿ."

"ಮತ್ತ ಅಂಗಡ್ಯಾಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ ನಾನಾ."

ಹಮ್ಮಿಗಿಯ ಬಸಣ್ಣಜ್ಜ ಬಸ್ಸಿನ ಮುಂದಿನ ಸೀಟಿನಲ್ಲಿ ತಿರುಗಿ ಕುಳಿತು ನನ್ನನ್ನೇ ನೋಡಿದಂತಾಯಿತು.

ಹದಿನೈದು ದಿನ ಇನ್ನೂ ಮುಗಿದಿರಲಿಲ್ಲ. ಮರುದಿನವೇ ಇಬ್ಬರೂ ವೀರೇಶನ ಅಂಗಡಿಗೆ ಹೋದೆವು. ಅವನು ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೈಮೇಲೆ ಗೀರಿಲ್ಲ. ಕಡೆಗೆ ಫೋನಿನ ಬ್ಯಾಟರಿ ಬೆಳಕು ಹಚ್ಚಿ ಕಿಂಡಿಯೊಳಗೆ ಇಣುಕಿದ.

"ಸಾಬರ, ಇದೇನ್ರಿ ಒಳಗ? ಬರುವಾಗನ ಇತ್ತೇನ್ರಿ ಇದು?"

ಬರುವಾಗಲೇ ಇತ್ತು ಅನ್ನಬಹುದಿತ್ತು. ಅವನೂ ನಂಬುತ್ತಿದ್ದನೇನೋ. ರೇಷ್ಮಾ ನನ್ನ ಮುಖ ನೋಡಿದಳು; ಅವಳಿಗೆ ಗುರುತಿನ ಸಂಗತಿ ತಿಳಿದಿರಲಿಲ್ಲ. ಆ ಮೂರು ಚುಕ್ಕೆ ಎಷ್ಟೋ ಊರ ಪೇಟಿಗಳಲ್ಲಿ ಇವೆ, ಒಂದನ್ನೂ ನನ್ನದಲ್ಲ ಎಂದಿಲ್ಲ.

"ನಂದ ಅದು. ನಾನ ಕೊರದೀನಿ."

"ಛೇ," ಎಂದ ವೀರೇಶ. ಅವನಿಗೂ ಕಸಿವಿಸಿ. "ಗೀರಿದ್ದರ ಹೊಳ್ಳಿ ತೊಗೊಳ್ಳಂಗಿಲ್ರಿ ನಾವು. ನಾ ಏನ್ ಮಾಡ್ಲಿ ಹೇಳ್ರಿ."

ತಪ್ಪು ಅವನದಲ್ಲ. ಆದರೂ ನಾನು ಎದ್ದೇಳದೆ ಕುಳಿತು, ಅವತ್ತು ಅರ್ಧಕ್ಕೆ ತಡೆದ ಮಾತನ್ನು ಇವತ್ತು ಪೂರಾ ಹೇಳು ಎಂದೆ. ಸ್ಪೀಕರಿನ ದನಿ ಗಾಳಿಯಲ್ಲಿ ಬಂದು ಕಿಂಡಿಯೊಳಗೆ ಹೊಗುತ್ತದೆ, ಪೊಳ್ಳು ಹೊಟ್ಟೆ ನಡುಗುತ್ತದೆ, ಅದರಿಂದ ತಂತಿ ನಡುಗುತ್ತದೆ, ಆ ದನಿ ಮತ್ತೆ ಸ್ಪೀಕರಿಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಕಿಂಡಿಗೆ. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಒಂದು ಶಬ್ದ ಮಾತ್ರ ಗಟ್ಟಿಯಾಗಿ ಕೇಳಿಸಿತು. ಗಾಳಿ.

ಗಾಳಿ ಹೊಗುತ್ತದೆಯೇ? ಗಾಳಿ ಹೊಗುವ, ಹೊರಡುವ ಸಂದು ಮುಚ್ಚುವುದನ್ನು ಬಿಟ್ಟು ಜೀವಮಾನದಲ್ಲಿ ನಾನು ಬೇರೆ ಏನು ಮಾಡಿದ್ದೇನೆ?

ಮನೆಗೆ ಬಂದು ಮೊದಲು ರೇಷ್ಮಾಳನ್ನು ಎದುರಿಗೆ ಕೂಡಿಸಿಕೊಂಡೆ. ನಿಂತು ಬಾರಿಸುತ್ತೀಯೋ ಕುಳಿತೋ? ಸ್ಪೀಕರು ಬೆನ್ನ ಹಿಂದೋ ಪಕ್ಕಕ್ಕೋ? ಡ್ರಮ್ಮು ಯಾವ ಕಡೆ? ಯಾವ ಹಾಡಿಗೆ ಎಂಥ ದನಿ ಬೇಕು? ಒಂದು ತಾಸು ಕೇಳಿದೆ. ಅವಳು ಹೇಳುತ್ತ ಹೇಳುತ್ತ ಬೆಳಗಿದಳು. ಇಷ್ಟು ಮಾತು ಅವಳೊಳಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಹುಸೇನಬಿ ಟ್ರಂಕಿನಿಂದ ಬನಾತು ತೆಗೆದಳು, ಪೇಟಿಯೊಳಗೆ ಹಾಸುವ ದಪ್ಪ ಉಣ್ಣೆ ಬಟ್ಟೆ. ಕಿಂಡಿಯ ಆಕಾರವನ್ನು ಕಾಗದದ ಮೇಲೆ ಇಳಿಸಿಕೊಂಡು, ಎರಡು ಪದರು ಹೊಲಿದು ಎರಡು ಬೂಚು ಮಾಡಿದಳು. ನಾನು ಸರಸು ಹಚ್ಚಹೋದೆ.

"ಅಂಟ ಬ್ಯಾಡ್ರಿ," ಎಂದಳು. "ಬೇಕಾದಾಗ ತಗೀಯಂಗ ಇರಲಿ. ಈ ಸಲನರ ಆಕಿ ಹೂಂ ಅನ್ನಲಿ."

ಬಾಡಿಗೆಗೆ ಸ್ಪೀಕರು ತಂದು ಹಚ್ಚಿ, ಒಂದು ಕಿಂಡಿ ಮುಚ್ಚಿದೆವು, ಕೂಗು ಅರ್ಧ ಕಡಿಮೆಯಾಯಿತು. ಎರಡೂ ಮುಚ್ಚಿದೆವು, ಸ್ಪೀಕರ್ ಏರಿಸಿದರೂ ಸುಮ್ಮನಿತ್ತು. ಸ್ಪೀಕರಿಗೆ ಎದೆ ಕೊಟ್ಟು ನಿಂತರೆ ಮಾತ್ರ ಸಣ್ಣಗೆ ಮುಲುಗುತ್ತಿತ್ತು. ಇನ್ನೊಂದು ಕೊರತೆ ನನ್ನ ಕಿವಿಗೆ ಸಿಕ್ಕಿತು. ಗಿಟಾರಿನ ಹನ್ನೆರಡನೇ ಮನೆಯಲ್ಲಿ, ಅಂದರೆ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಹನ್ನೆರಡನೇ ಸಂದಿನಲ್ಲಿ, ತಂತಿ ಒತ್ತಿದರೆ ಬಿಟ್ಟ ತಂತಿಯ ಸ್ವರವೇ ಮೇಲಿನ ಸಪ್ತಕದಲ್ಲಿ ಬರಬೇಕು, ಕೆಳಗಿನ ಸಾ, ಮೇಲಿನ ಸಾ. ಒಂದು ತಂತಿಯಲ್ಲಿ ಕೂದಲೆಳೆಯಷ್ಟು ಏರಿ ಬರುತ್ತಿತ್ತು. ತಂತಿ ಕೂತ ಕುದುರೆಯ ಸ್ಕ್ರೂ ತಿರುಗಿಸಿ ಕುದುರೆಯನ್ನು ಹಿಂದೆ ಸರಿಸಿದೆ. ರೇಷ್ಮಾ ಫೋನು ಇಟ್ಟು ನೋಡಿದಳು. ಮುಳ್ಳು ನಡುವೆ ನಿಂತಿತು. ಫೋನೂ ನಾನೂ ಕಡೆಗೊಮ್ಮೆ ರಾಜಿಯಾದೆವು!

ಗಿಟಾರು ಯಾವುದು ಕೊಳ್ಳಲಿ ಎಂದು ನಿಮ್ಮನ್ನು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಬೇಡಿ. ಇಷ್ಟು ಹೇಳಿ: ಎಲ್ಲ ನಮೂನೆಯ ಹಾಡಿಗೂ ಬೇಕಿದ್ದರೆ, ಕಡಿಮೆ ಬೆಲೆಯದೇ ಆದರೂ, ಅವತ್ತು ರೇಷ್ಮಾ ಎತ್ತಿಕೊಂಡಿದ್ದಳಲ್ಲ, ಗಟ್ಟಿ ಮೈಯದು, ಎರಡು ತೆಳ್ಳನೆಯ ಪಿಕಪ್ಪು ಒಂದು ದಪ್ಪದ್ದು, ಅಂಥದು ಸಾಕು. ಕತ್ತು ನೆಟ್ಟಗಿದೆಯೋ ಎಂದು ಕಣ್ಣಿಟ್ಟು ನೋಡಿ. ಮನೆಯ ಪಟ್ಟಿಗಳ ತುದಿ ಬೆರಳಿಗೆ ಚುಚ್ಚಬಾರದು. ತಂತಿ ಬಿಗಿಯುವ ಕಿವಿ ತಿರುವಿ ಸ್ವರ ಕೂಡಿಸಿದರೆ ನಿಲ್ಲಬೇಕು. ಹನ್ನೆರಡನೇ ಮನೆ ಮರೆಯಬೇಡಿ. ಸ್ಪೀಕರಿಗೆ ಹಚ್ಚದೆ ತೀರ್ಪು ಕೊಡಬೇಡಿ. ಬೆನ್ನಿಗೆ ಮಾತ್ರ ಗೆಣ್ಣು ಬಡಿಯಬೇಡಿ. ಮತ್ತು ಇದೆಲ್ಲಕ್ಕಿಂತ ಮೊದಲು ಬಾರಿಸುವವರನ್ನು ಕೇಳಿ, ಉತ್ತರ ಬರುವತನಕ ಬಾಯಿ ಮುಚ್ಚಿಕೊಂಡಿರಿ. ಇದನ್ನು ಉಸ್ತಾದರು ನನಗೆ ಹೇಳಿದ್ದರು, ನಾನು ನಿಮಗೆ ಹೇಳುತ್ತಿದ್ದೇನೆ. ನೀವೂ ಒಮ್ಮೆ ಮರೆಯುತ್ತೀರಿ.

ಶನಿವಾರದ ತಾಲೀಮಿನಲ್ಲಿ ಡ್ರಮ್ಮಿನ ಹುಡುಗಿ, "ಭೋಂಗಾ ಬಾಯಿ ಮುಚ್ಚೈತಿ" ಎಂದಳಂತೆ. ರೇಷ್ಮಾಳ ಜಾಗ ಉಳಿಯಿತು. ಮುಂಡರಗಿಯ ಸಭಾಂಗಣದಲ್ಲಿ ನಾನೂ ಹುಸೇನಬಿಯೂ ಮುಂದಿನ ಸಾಲಿಗೇ ಹೋಗಿ ಕುಳಿತೆವು. ಎರಡು ಹಾಡು ದಾಟಿದವು. ಮೂರನೆಯದು ಏರುತ್ತ ಹೋಯಿತು, ಜನ ಚಪ್ಪಾಳೆ ಹಾಕತೊಡಗಿದರು, ರೇಷ್ಮಾ ಹುರುಪಿನಲ್ಲಿ ತಿರುಗಿ ಸ್ಪೀಕರಿಗೆ ಎದೆ ಕೊಟ್ಟುಬಿಟ್ಟಳು. ಕೂಂ... ಎಂದು ಶುರುವಾಯಿತು. ಹುಸೇನಬಿ ನನ್ನ ಮೊಣಕೈ ಹಿಡಿದಳು. ರೇಷ್ಮಾ ಹೆದರಲಿಲ್ಲ. ಅಂಗೈಯನ್ನು ತಂತಿಯ ಮೇಲೆ ಅಡ್ಡ ಇಟ್ಟು, ಹೆಗಲು ಹೊರಳಿಸಿ, ತಾಳ ತಪ್ಪದಂತೆ ಹಾಡನ್ನು ಮತ್ತೆ ಹಿಡಿದಳು. ಜನಕ್ಕೆ ಅದೂ ಹಾಡಿನದೇ ಅನ್ನಿಸಿತೋ ಏನೋ, ಇನ್ನಷ್ಟು ಚಪ್ಪಾಳೆ. ನನಗೆ ಹಾಡು ತಿಳಿಯಲಿಲ್ಲ. ದನಿ ತಂತಿಯಿಂದ ಬಂತೋ, ಅಯಸ್ಕಾಂತದಿಂದಲೋ, ಸ್ಪೀಕರಿನಿಂದಲೋ, ಅದೂ ತಿಳಿಯಲಿಲ್ಲ. ಮುಖವೆಲ್ಲ ನೀರಾಗಿತ್ತು.

ಮುಗಿದ ಮೇಲೆ ಅವಳು ಗಿಟಾರು ಹೊತ್ತುಕೊಂಡೇ ಕೆಳಗೆ ಇಳಿದು ಬಂದಳು. ಬೆವರಿನಿಂದ ತೊಯ್ದಿದ್ದಳು. ನನ್ನೆದುರು ನಿಂತು, ಅಜ್ಜಿ ಏನೋ ಹೇಳಿಕೊಟ್ಟಿದ್ದಳೆಂದು ಕಾಣುತ್ತದೆ, ನಗು ತಡೆದುಕೊಂಡು ಒಂದೇ ಅಕ್ಷರ ಅಂದಳು.

"ಹೂಂ."

ಮರುದಿನ ಬನಾತಿನ ಬೂಚು ತೆಗೆದು ದಬ್ಬಣ ಒಳಗೆ ಇಳಿಬಿಟ್ಟೆ. ಈ ಸಲ ಕೈ ಬಹಳ ನಡುಗಿತು. ರೇಷ್ಮಾ ನನ್ನ ಕೈಯ ಮೇಲೆ ಕೈಯಿಟ್ಟು ಹಿಡಿದಳು. ಮೂರು ಚುಕ್ಕೆಯ ಪಕ್ಕಕ್ಕೆ, ಇಬ್ಬರೂ ಕೂಡಿ, ನಾಲ್ಕನೆಯದನ್ನು ಇಟ್ಟೆವು.